ತೊಗರಿಬೇಳೆ ಕೊರೆದ ನೂರೊಂದು ಲೋಟ

ಓದುತ್ತಿರುವ ನಿಮಗೆಲ್ಲ ಬಂಗಾರಪೇಟೆಯಿಂದ ನಮಸ್ಕಾರ. ಇದನ್ನು ಮೊಬೈಲಿನಲ್ಲಿ ಬಲಗೈಯ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗಿರುತ್ತದೆ. ನಾನು ಹತ್ತನೇ ತರಗತಿ ಪಾಸು ಮಾಡಿದ್ದು ನಲವತ್ತೊಂದನೇ ವಯಸ್ಸಿನಲ್ಲಿ, ಅದೂ ಮೂರನೇ ಸಲಕ್ಕೆ. ಆದ್ದರಿಂದ ತಪ್ಪು ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ಇದಕ್ಕಿಂತ ದೊಡ್ಡ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡವರ ವಿಷಯವನ್ನೇ ಹೇಳಲು ಹೊರಟಿದ್ದೇನೆ.

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ, ನೀರು ಕೊಟ್ಟರೆ, ಕುಡಿಯುವ ಮೊದಲು ಲೋಟವನ್ನು ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ಕೊಟ್ಟವರು ಲೋಟ ಕೊಳೆಯಾಗಿದೆಯೇನೋ ಎಂದು ಗಾಬರಿಯಾಗಿ ಒಳಗೆ ಓಡಿ ಬೇರೆ ಲೋಟ ತರುತ್ತಾರೆ. ಅದನ್ನೂ ತಿರುಗಿಸುತ್ತೇನೆ. ನನ್ನ ಮಗಳು ಸುಮಳ ಮದುವೆ ಮಾತುಕತೆಗೆ ಹೋದಾಗ ಬೀಗರ ಮನೆಯಲ್ಲಿ ಹೀಗೆಯೇ ತಿರುಗಿಸಲು ಹೋಗಿ, ಲೋಟ ತುಂಬ ಕಾಫಿ ಇರುವುದು ಮರೆತು, ಬಿಳಿ ಪಂಚೆಯ ಮೇಲೆ ಸುರಿದುಕೊಂಡೆ. ನನ್ನ ಹೆಂಡತಿ ರತ್ನಮ್ಮ ಹಲ್ಲು ಕಚ್ಚಿಕೊಂಡು, "ನಿಮ್ ಅಪ್ಪನ್ ಕೈಗೆ ಲೋಟ ಕೊಡ್ಬೇಡ್ರೀ ಅಂತ ಬೋರ್ಡ್ ಬರ್ಸಿ ಕೊರಳಿಗೆ ನೇತಾಕ್ಬೇಕು" ಎಂದು ಸುಮಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ನಾನು ನೋಡುವುದು ಕೊಳೆಯನ್ನಲ್ಲ, ಹೆಸರನ್ನು. ಸ್ಟೀಲ್ ಪಾತ್ರೆಯ ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತದಲ್ಲ, "ಇಂಥವರ ಮದುವೆಗೆ ಇಂಥವರ ನೆನಪಿನ ಕಾಣಿಕೆ" ಎಂದು, ಅದು ನನ್ನ ಕಸುಬಾಗಿತ್ತು. ಹದಿನೇಳು ವರ್ಷ ನಾನು ಕೆಜಿಎಫ್‌ನ ಒಂದು ಪಾತ್ರೆ ಅಂಗಡಿಯ ಮೂಲೆಯಲ್ಲಿ ಕೂತು, ಗುಂಯ್ ಎನ್ನುವ ಕರೆಂಟು ಪೆನ್ನು ಹಿಡಿದು ಹೆಸರು ಕೊರೆದಿದ್ದೇನೆ. ಕನ್ನಡ, ತಮಿಳು, ತೆಲುಗು, ಇಂಗ್ಲಿಷು, ನಾಲ್ಕರಲ್ಲೂ. ನಾಲ್ಕು ಭಾಷೆಯಲ್ಲಿ ಬರೆಯುತ್ತಿದ್ದೆ ಎಂದರೆ ದೊಡ್ಡ ಪಂಡಿತ ಎಂದುಕೊಳ್ಳಬೇಡಿ. ಮೊದಲ ಆರು ವರ್ಷ ನನಗೆ ನಾಲ್ಕರಲ್ಲಿ ಒಂದನ್ನೂ ಓದಲು ಬರುತ್ತಿರಲಿಲ್ಲ. ಗಿರಾಕಿಗಳು ಚೀಟಿ ಕೊಡುತ್ತಿದ್ದರು, ಅದರಲ್ಲಿರುವುದನ್ನು ರಂಗೋಲಿ ನೋಡಿ ರಂಗೋಲಿ ಬಿಡುವ ಹಾಗೆ ನೋಡಿ ಕೊರೆಯುತ್ತಿದ್ದೆ. ತಮಿಳು ಉದ್ದಕ್ಕೆ ನಿಂತಿರುತ್ತದೆ, ತೆಲುಗಿಗೆ ತಲೆಯ ಮೇಲೆ ಟಿಕ್ ಮಾರ್ಕು, ಕನ್ನಡಕ್ಕೆ ತಲೆಯ ಮೇಲೆ ಕೊಕ್ಕೆ. ನನ್ನ ವಿದ್ಯೆ ಅಷ್ಟು. ಚಿಕ್ಕಂದಿನಲ್ಲಿ ಕಾಮಸಮುದ್ರದ ಕಡೆ ನಮ್ಮೂರಲ್ಲಿ ಸ್ಕೂಲಿನ ಪಕ್ಕದಲ್ಲೇ ಕುರಿ ಮೇಯಿಸಿದ್ದೇನೆ. ಕುರಿಗಳೇ ಎರಡು ಸಲ ಒಳಗೆ ಹೋಗಿ ಬಂದವು, ನಾನು ಹೋಗಲಿಲ್ಲ.

ಚಾಳಿಯ ವಿಷಯ ಬಿಟ್ಟು ಎಲ್ಲಿಗೋ ಹೋದೆ. ಈಗ ಲೋಟ ತಿರುಗಿಸುವ ಸಂದರ್ಭಗಳೇ ಕಡಿಮೆಯಾಗಿವೆ. ಎಲ್ಲಿ ಹೋದರೂ ಪೇಪರ್ ಕಪ್ಪು, ಇಲ್ಲವೇ ಗೇಣುದ್ದದ ನೀರಿನ ಬಾಟಲಿ. ಅವುಗಳ ಮೇಲೆ ಯಾರ ಹೆಸರೂ ಇರುವುದಿಲ್ಲ. ಯಾರದೂ ಅಲ್ಲದ್ದನ್ನು ಎಲ್ಲಿ ಬೇಕಾದರೂ ಬಿಸಾಕಬಹುದಲ್ಲ. ನಾನೇನು ಕಮ್ಮಿಯವನಲ್ಲ. ಸುಮಳ ಮದುವೆಯಲ್ಲಿ ಎಲೆಗೊಂದು ಬಾಟಲಿ ಇಡಿಸಿ, ಸಾಲಾಗಿ ನಿಂತ ಬಾಟಲಿಗಳನ್ನು ನೋಡಿ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ. ಮನೆಯಲ್ಲಿ ನಡೆದ ಬೀಗರೂಟದ ಕಪ್ಪುಗಳನ್ನು ಮಾರನೇ ಬೆಳಗ್ಗೆ ನಮ್ಮ ಓಣಿಯ ಹಿಂದಿನ ಖಾಲಿ ಜಾಗದಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರಿದವನೂ ನಾನೇ. ಓಣಿಯವರೆಲ್ಲ ಮಾಡುವುದು ಅದನ್ನೇ. ಆ ಜಾಗದ ನೆಲ ಈಗ ಕಪ್ಪಗೆ, ಅಂಟಂಟಾಗಿ, ಸುಟ್ಟ ಬಾಣಲೆಯ ತಳದ ಹಾಗಿದೆ.

ಈ ವರ್ಷ ಸುಮ ಏಳನೇ ತಿಂಗಳಿಗೆ ತವರಿಗೆ ಬಂದಳು. ಅವಳಿಗೆ ಚಿಕ್ಕಂದಿನಿಂದ ಸ್ವಲ್ಪ ಉಬ್ಬಸ. ಬಂದ ಮೂರನೇ ದಿನ ಬೆಳಗ್ಗೆ ಹಿಂದಿನ ಜಾಗದಲ್ಲಿ ಯಾರೋ ತಮ್ಮ ಮನೆಯ ನಾಮಕರಣದ ಕಸಕ್ಕೆ ಬೆಂಕಿ ಇಟ್ಟರು. ಹೊಗೆ ಸೀದಾ ನಮ್ಮ ನಡುಮನೆಗೆ. ಸುಮ ಕಂಬ ಹಿಡಿದುಕೊಂಡು ಕೂತಳು. ಒಂದು ಮಾತು, ಒಂದು ಉಸಿರು, ಒಂದು ಮಾತು, ಒಂದು ಉಸಿರು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮೂಗಿಗೆ ಮಾಸ್ಕ್ ಹಾಕಿ, "ಹೊಗೆಯಿಂದ ದೂರ ಇಡಿ, ಈಗ ಇಬ್ಬರು ಉಸಿರಾಡ್ತಿದ್ದಾರೆ" ಎಂದರು.

ವಾಪಸು ಬರುವಾಗ ಆಟೋದಲ್ಲಿ ಸುಮ ಕೇಳಿದಳು. "ಅಪ್ಪಾ, ಇನ್ನ್ ಹದ್ನೈದು ದಿನಕ್ಕೆ ನನ್ ಸೀಮಂತ ಅಲ್ವಾ? ಇನ್ನೂರು ಜನ. ಆ ಕಪ್ಪೆಲ್ಲಾ ಎಲ್ ಸುಡ್ತೀಯಾ?"

ನಾನು ರಸ್ತೆ ಬದಿಯ ಅಂಗಡಿಗಳ ಬೋರ್ಡು ಓದತೊಡಗಿದೆ.

"ನನ್ ಸೀಮಂತದ್ ಒಗೇನ ನಂಗೇ ಕುಡಿಸ್ತೀಯಾ?"

ಅವಳು ನಗುತ್ತಲೇ ಕೇಳಿದ್ದು. ನನಗೆ ನಗು ಬರಲಿಲ್ಲ. "ಇಲ್ಲ ಕಣಮ್ಮ. ನಿನ್ ಫಂಕ್ಷನ್‌ಗೆ ಒಂದ್ ಕಪ್ಪೂ ಬರಲ್ಲ, ಒಂದ್ ಬಾಟ್ಲೂ ಬರಲ್ಲ" ಎಂದುಬಿಟ್ಟೆ. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಮನೆಯಲ್ಲಿ ರತ್ನಮ್ಮ ಹೌಹಾರಿದಳು. "ಏನಯ್ಯಾ ನಿಂಗೆ ಬುದ್ಧಿ ಗಿದ್ಧಿ ಐತಾ? ಬೀಗ್ರು ಬತ್ತಾರೆ. ಬಾಟ್ಲಿ ಇಕ್ಕದಿದ್ರೆ ಮರ್ವಾದೆ ಏನ್ ಉಳೀತದೆ? ಇನ್ನೂರು ಲೋಟ ಎಲ್ಲಿಂದ ತತ್ತೀಯ? ತಂದ್ರೂ ತೊಳ್ಯಕ್ಕೆ ನೀರೆಲ್ಲಿಂದ ತತ್ತೀಯ?"

ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಪರಿಸರ ಉಳಿಸಿ ಎಂದು ಗೋಡೆಯ ಮೇಲೆ ಬರೆಯುವವರು ನಮ್ಮ ಕಡೆಯ ನಲ್ಲಿಯನ್ನು ಒಂದು ಸಲ ತಿರುಗಿಸಿ ನೋಡಬೇಕು. ನಮ್ಮಲ್ಲಿ ನೀರು ನೆಂಟರ ಹಾಗೆ, ಬಂದಾಗ ಬಂತು. ಟ್ಯಾಂಕರಿನವರಿಗೆ ನಾಲ್ಕು ದಿನ ಮೊದಲೇ ಹೇಳಿಟ್ಟಿರಬೇಕು. ಬಿಸಾಕುವ ಕಪ್ಪಿಗೆ ತೊಳೆಯುವ ನೀರು ಬೇಡ ಎಂಬ ಕಾರಣಕ್ಕೇ ನಮ್ಮ ಹೆಂಗಸರು ಅದನ್ನು ಕಣ್ಣಿಗೊತ್ತಿಕೊಂಡು ಬರಮಾಡಿಕೊಂಡಿದ್ದು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಆದರೂ ಲೋಟದ ವಿಷಯದಲ್ಲಿ ನನಗೆ ಧೈರ್ಯವಿತ್ತು. ಯಾರ ಮನೆಯ ಅಟ್ಟದ ಮೇಲೆ ಎಷ್ಟು ಲೋಟ ಇವೆ ಎಂದು ಬಂಗಾರಪೇಟೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೊರೆದವನು ನಾನು. ಸೈಕಲ್ ಹತ್ತಿಕೊಂಡು ಹೊರಟೆ. ನಾಲ್ಕು ದಿನದಲ್ಲಿ ಧೈರ್ಯ ಇಳಿಯಿತು. ಒಬ್ಬರು ಹಳೆಯ ಸ್ಟೀಲ್ ಕೊಟ್ಟು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡಿದ್ದರು. ಒಬ್ಬರು ಗುಜರಿಗೆ ಹಾಕಿದ್ದರು. ಒಬ್ಬ ಯಜಮಾನರು ಎರಡೇ ಲೋಟ ತಂದಿಟ್ಟು, "ಮಿಕ್ಕಿದ್ದೆಲ್ಲಾ ಮಕ್ಳು ಆಲದ್ ಮರದ್ ಕೆಳ್ಗೆ ಮಣ್ಣಾಟಕ್ಕೆ ತಕ್ಕೊಂಡೋದ್ವು, ಬೇಕಾದ್ರೆ ಅಗೀರಿ" ಎಂದರು. ಎಲ್ಲ ಸೇರಿ ನೂರಕ್ಕೆ ಸ್ವಲ್ಪ ಹೆಚ್ಚು ಸಿಕ್ಕವು. ಇನ್ನೂ ಅಷ್ಟೇ ಬೇಕು.

ಒಂದೇ ಮನೆಯಲ್ಲಿ, ಒಂದೇ ಸೈಜಿನ, ನೂರೊಂದು ಲೋಟ ಇರಬಹುದಾದ ಒಂದು ಜಾಗ ನನಗೆ ಗೊತ್ತಿತ್ತು. ಕೆಜಿಎಫ್‌ನ ನಂದಿದುರ್ಗದ ಗಣಿ ಲೈನುಗಳಲ್ಲಿ, ಅಂದರೆ ಗಣಿ ಕೆಲಸದವರ ಸಾಲುಮನೆಗಳಲ್ಲಿ, ಅಂಜಲಮ್ಮನ ಮನೆ. ಆ ಕಡೆ ಹೋಗುವ ಬಸ್ಸು ಹತ್ತಿದರೆ ಆ ಲೈನು ಬರುವ ಹೊತ್ತಿಗೆ ನಾನು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಳ್ಳುತ್ತಿದ್ದೆ. ಹೆಚ್ಚು ಕಡಿಮೆ ಮೂವತ್ತು ವರ್ಷ ಹೀಗೆ ತಿರುಗಿಸಿದ್ದೇನೆ. ಯಾಕೆ ಎಂದು ಈಗ ಹೇಳಿಬಿಡುತ್ತೇನೆ.

ಗಣಿ ಇನ್ನೂ ನಡೆಯುತ್ತಿದ್ದ ಕಾಲ. ಅಂಜಲಮ್ಮನ ಗಂಡ ಗಣಿಯೊಳಗೆ ಇಳಿಯುವ ಕೆಲಸದಲ್ಲಿದ್ದರು. ದೊಡ್ಡ ಮಗಳ ಮದುವೆಗೆ ಬಂದವರಿಗೆಲ್ಲ ಒಂದೊಂದು ಲೋಟ ಕಾಣಿಕೆ ಕೊಡಬೇಕು ಎಂದು ಆ ತಾಯಿ ವರ್ಷಗಟ್ಟಲೆ ಕೂಡಿಟ್ಟು ನೂರೊಂದು ಲೋಟ ತೆಗೆದುಕೊಂಡರು. ಹೆಣ್ಣು ಗಂಡಿನ ಹೆಸರು ಕೊರೆಯಲು ಒಂದು ಚೀಟಿ ಕೊಟ್ಟರು. ಅಂಗಡಿ ಯಜಮಾನರು ಅಂದು ಮದರಾಸಿಗೆ ಸರಕು ತರಲು ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬನೇ. ಚೀಟಿಯ ಎರಡೂ ಕಡೆ ಬರವಣಿಗೆ ಇತ್ತು, ಎರಡೂ ಕಡೆ ಎರಡೆರಡು ಸಾಲು, ಎರಡೂ ಕನ್ನಡವೇ. ಒಂದು ಕಡೆ ಕಾಗೆ ಕಾಲಿನ ಹಾಗೆ ಗೀಚಿತ್ತು. ಇನ್ನೊಂದು ಕಡೆ ದುಂಡಗೆ, ಮುತ್ತಿನ ಹಾಗೆ. ಮದುವೆಯ ಹೆಸರು ಎಂದ ಮೇಲೆ ಚೆನ್ನಾಗಿ ಬರೆಸಿರುತ್ತಾರೆ ಎಂದು ಯೋಚಿಸಿ ದುಂಡಗಿನ ಕಡೆಯನ್ನು ಆರಿಸಿಕೊಂಡೆ. ಎರಡು ದಿನ ಕೂತು ನೂರೊಂದು ಲೋಟಕ್ಕೂ ಕೊರೆದೆ. ಅಷ್ಟು ಚೆನ್ನಾಗಿ ಅದುವರೆಗೆ ಕೊರೆದಿರಲಿಲ್ಲ. ಕೊನೆಯಲ್ಲಿ ಒಂದು ಹೂವನ್ನೂ ಬಿಟ್ಟೆ.

ಮೂಟೆ ಬಿಚ್ಚಿದ್ದು ಮದುವೆಯ ಹಿಂದಿನ ದಿನ. ಎಲ್ಲ ಲೋಟದ ಮೇಲೂ ಹೀಗಿತ್ತು: "ತೊಗರಿಬೇಳೆ ಅರ್ಧ ಕೆಜಿ, ಸೀಮೆಎಣ್ಣೆ ಎರಡು ಲೀಟರ್". ಪಕ್ಕದಲ್ಲಿ ಹೂವು.

ಅಂಜಲಮ್ಮ ಅಂಗಡಿಗೆ ಬಂದಾಗ ನಾನು ದೊಡ್ಡ ಹಂಡೆಯ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಯಜಮಾನರು ಬಂದಿದ್ದರು. ಅವರು ಕೂಗಾಡಿದ್ದು ಕೇಳಿಸಿತು. "ಅವನ್ನ ಈಗ್ಲೇ ಓಡಿಸ್ತೀನಮ್ಮಾ" ಎಂದರು. ಆಮೇಲೆ ಅಂಜಲಮ್ಮನ ದನಿ, ತಮಿಳು ಬೆರೆತ ಕನ್ನಡ: "ಓಡ್ಸಬೇಡ ಸಾಮಿ. ಓಡ್ಸಿದ್ರೆ ಇನ್ನೊಂದ್ ಅಂಗಡೀಲಿ ಇದೇ ತಪ್ಪು ಮಾಡ್ತಾನೆ. ಪಾವಂ, ಅವುಂಗೆ ನಾಕಕ್ಷರ ಕಲ್ಸಿಕೊಡು." ಬೈಯಲೂ ಇಲ್ಲ, ಹಂಡೆಯ ಕಡೆ ನೋಡಲೂ ಇಲ್ಲ. ಹೋಗಿಬಿಟ್ಟರು.

ಆ ಸಂಜೆ ಯಜಮಾನರು ನನ್ನನ್ನು ಕೂರಿಸಿಕೊಂಡು ಅದೇ ಚೀಟಿಯ ಮೇಲೆ ಬೆರಳಿಟ್ಟರು. ತೊ. ಗ. ರಿ. ಬೇ. ಳೆ. ನಾನು ಹುಟ್ಟಿದ ಮೇಲೆ ಓದಿದ ಮೊದಲನೇ ಪದ ಅದು. ಬೇರೆಯವರು ಅಮ್ಮ, ಅರಸ ಎಂದು ಶುರು ಮಾಡುತ್ತಾರೆ. ನಾನು ತೊಗರಿಬೇಳೆಯಿಂದ ಹೊರಟು ಹತ್ತನೇ ತರಗತಿಗೆ ಬಂದು ಮುಟ್ಟಿದೆ. ಪರೀಕ್ಷೆ ಪಾಸಾದ ದಿನವೂ ನನಗೆ ಮೊದಲು ನೆನಪಾದದ್ದು ಅಂಜಲಮ್ಮ. ಆದರೂ ಹೋಗಿ ಕಾಲಿಗೆ ಬೀಳಲು ಮುಖ ಇರಲಿಲ್ಲ. ಈಗ ಮಗಳಿಗಾಗಿ ಹೋಗಲೇಬೇಕಾಯಿತು.

ಬಸ್ಸಿಳಿದು ಲೈನಿನೊಳಗೆ ನಡೆದೆ. ಸಣ್ಣ ಸಣ್ಣ ಮನೆಗಳು, ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ದೂರದಲ್ಲಿ ಗಣಿಯ ಮಣ್ಣಿನ ದಿಬ್ಬ, ಬಿಸಿಲಿಗೆ ಹಿಟ್ಟು ಚೆಲ್ಲಿದ ಹಾಗೆ. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಕೂದಲು ಬೆಳ್ಳಗಾಗಿತ್ತು, ದನಿ ಮಾತ್ರ ಅದೇ.

"ಯಾರಪ್ಪಾ ನೀನು?"

"ಅಮ್ಮಾ, ನಾನು... ಪಾತ್ರೆ ಅಂಗ್ಡೀಲಿ... ನಿಮ್ ಮಗಳ ಮದ್ವೆ ಲೋಟದ ಮೇಲೆ..."

ಅಷ್ಟೇ ಹೇಳಿದ್ದು. ಅಜ್ಜಿ ಸೊಪ್ಪು ಕೆಳಗಿಟ್ಟು ಪಕ್ಕದ ಮನೆಯ ಕಡೆ ತಿರುಗಿ ಕೂಗಿದರು. "ಅಡಿಯೇ ಮಲ್ಲಿಗಾ! ಇಂಗ ವಾಡೀ! ನಂ ತೊಗರಿಬೇಳೆ ಬಂದವ್ನೆ!"

ಮಲ್ಲಿಗಾ ಎಂಬ ನಡುವಯಸ್ಸಿನ ಹೆಂಗಸು ಓಡಿಬಂದರು. ಅವರ ಹಿಂದೆ ಇನ್ನೂ ನಾಲ್ಕು ಜನ. "ಇವ್ರೇನಾ? ಇವ್ರೇ ತೊಗರಿಬೇಳೇನಾ?" ಎಂದು ನನ್ನನ್ನು ಮೃಗಾಲಯದಲ್ಲಿ ನೋಡುವ ಹಾಗೆ ನೋಡಿದರು. ಮೂವತ್ತು ವರ್ಷದಿಂದ ಆ ಲೈನಿನಲ್ಲಿ ನನಗೆ ಆ ಹೆಸರು ನಡೆಯುತ್ತಿತ್ತಂತೆ. ನಾನು ಮುಖ ತಿರುಗಿಸಿಕೊಂಡಿದ್ದೆಲ್ಲ ದಂಡ. ನನ್ನ ಮುಖ ಅಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ, ಹೆಸರು ಮಾತ್ರ ಮನೆ ಮನೆಗೂ ಗೊತ್ತಿತ್ತು.

ನಾನು ಬಾಗಿದೆ. "ತಪ್ಪಾಯ್ತಮ್ಮಾ. ಮದ್ವೆ ಕೆಡಿಸ್ಬಿಟ್ಟೆ."

"ಮದ್ವೆ ಎಲ್ ಕೆಟ್ಟೋಯ್ತು? ಬಾಳೆಹಣ್ಣು ಕೊಟ್ ಕಳಿಸ್ದೆ. ಮಗ್ಳು ಮಾತ್ರ ಅತ್ಲು. ಮೂರ್ ದಿವ್ಸ ಅತ್ಲು. ಪೊಯ್ ಹೇಳಲ್ಲ ನಾನು, ಸುಳ್ ಯಾಕೆ, ನಿನ್ನ ಸಕತ್ ಬೈದೆ ಮನೇಲಿ." ಅಜ್ಜಿ ನಗಲಿಲ್ಲ. ಕೆಳಗಿಟ್ಟ ಸೊಪ್ಪನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು. "ಆದ್ರೆ ಕೇಳಪ್ಪಾ. ನೀನು ಹೆಸ್ರು ಸರಿಯಾಗಿ ಹಾಕಿದ್ರೆ ಆ ಲೋಟ ಎಲ್ಲಾ ನೆಂಟ್ರ ಮನೇಗ್ ಓಗಿ ದಿಕ್ಕಾಪಾಲಾಗಿರೋದು. ಅಂಗಡೀನೂ ವಾಪಸ್ ತಗೊಳ್ಲಿಲ್ಲ. ನೂರೊಂದೂ ಇಲ್ಲೇ ಉಳ್ಕೊಂತು. ಅವತ್ತಿಂದ ಈ ಲೈನಲ್ಲಿ ಮದ್ವೆ ಆಗ್ಲಿ, ಸಾವಾಗ್ಲಿ, ಮಗೂಗ್ ಹೆಸರಿಡೋದಾಗ್ಲಿ, ಅದೇ ಲೋಟ. ಒಂದ್ ಕಪ್ಪು ಕಾಸ್ ಕೊಟ್ ವಾಂಗಿಲ್ಲ ನಾವು. ಗಣಿ ಮುಚ್ಚಿ ಎಲ್ಲಾರ್ ಕೈ ಖಾಲಿ ಆದಾಗ್ಲೂ ಬಂದೋರ್ಗೆ ಲೋಟದಲ್ಲೇ ನೀರು ಕೊಟ್ಟಿದೀವಿ."

"ನೂರೊಂದಿಲ್ಲ ಈಗ, ತೊಂಬತ್ತಾರು" ಎಂದರು ಮಲ್ಲಿಗಾ. "ಒಂದ್ರಲ್ಲಿ ಇವ್ರ ವೀಟುಕಾರರು, ಅದೇ ಇವ್ರ ಗಂಡ, ಶೇವಿಂಗ್ ಮಾಡಿ ಮಾಡಿ ತಳಕ್ಕೆ ಓಟೆ ಬೀಳಿಸ್ಬಿಟ್ರು."

ನಾನು ಇಷ್ಟು ವರ್ಷ ಎದೆಯ ಮೇಲೆ ಹೊತ್ತು ತಿರುಗಿದ ಕಲ್ಲನ್ನು ಈ ಜನ ಒಲೆಗಲ್ಲು ಮಾಡಿಕೊಂಡು ಅಡುಗೆ ಮಾಡಿಕೊಂಡಿದ್ದರು.

ಸುಮಳ ವಿಷಯ ಹೇಳಿದೆ, ಹೊಗೆಯ ವಿಷಯ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, "ಕೊಡ್ತೀನಿ. ಆದ್ರೆ ಲೋಟ ಒಂಟಿಯಾಗ್ ಬರಲ್ಲ" ಎಂದರು. ಅದು ಆ ಲೈನಿನ ಪದ್ಧತಿ. ಲೋಟ ಹೋದ ಕಡೆ ನಾಲ್ಕು ಜನ ಹೆಂಗಸರೂ ಹೋಗುತ್ತಾರೆ. ತೊಳೆಯುವುದು ಅವರೇ, ಯಾರೂ ಮುಟ್ಟುವ ಹಾಗಿಲ್ಲ. ಅದಕ್ಕೆ ಕೂಲಿ ಇಲ್ಲ. ಬದಲಿಗೆ ಮೊದಲನೇ ಪಂಕ್ತಿಯಲ್ಲಿ ಅವರನ್ನು ಕೂರಿಸಿ ಬಡಿಸಬೇಕು. "ಲೋಟದೋರು ಕೊನೇಲಿ ಉಂಡ್ರೆ ಲೋಟಕ್ಕೆ ಅವಮಾನ" ಎಂದರು ಮಲ್ಲಿಗಾ. ನಾನು ಹೂಂ ಎಂದೆ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು: ಮೊದಲನೇ ಪಂಕ್ತಿ ಬೀಗರದು.

ಸೀಮಂತದ ದಿನ ಬೆಳಗ್ಗೆಯೇ ಅಂಜಲಮ್ಮ, ಮಲ್ಲಿಗಾ, ಇನ್ನಿಬ್ಬರು ಎರಡು ಗೋಣಿ ಚೀಲದೊಂದಿಗೆ ಆಟೋ ಇಳಿದರು. ಹಿತ್ತಲಲ್ಲಿ ಮೂರು ಬಾನಿ ಇಡಿಸಿದರು. ಒಂದು ತಟ್ಟೆಯಲ್ಲಿ ಜರಡಿ ಹಿಡಿದ ಬೂದಿ. ಲೋಟ ಬಂದ ಕೂಡಲೇ ಒಣ ಬೂದಿಯಲ್ಲಿ ತೆಂಗಿನ ನಾರಿನಿಂದ ಉಜ್ಜುವುದು, ಆಮೇಲೆ ಮೊದಲನೇ ಬಾನಿಯಲ್ಲಿ ಒಂದು ಮುಳುಗು, ಎರಡನೇ ಬಾನಿಯಲ್ಲಿ ಒಂದು, ಮೂರನೇ ಬಾನಿಯಲ್ಲಿ ಒಂದು. ಮೊದಲ ಬಾನಿ ಕಲಕಿದಾಗ ಅದನ್ನು ಬಾಳೆಗಿಡದ ಬುಡಕ್ಕೆ ಸುರಿದು, ಎರಡನೆಯದನ್ನು ಮೊದಲ ಜಾಗಕ್ಕೆ, ಮೂರನೆಯದನ್ನು ಎರಡನೇ ಜಾಗಕ್ಕೆ ಎಳೆಯುವುದು. ಹೊಸ ನೀರು ಬೇಕಾಗುವುದು ಒಂದು ಬಾನಿಗೆ ಮಾತ್ರ. ರತ್ನಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. "ಬೇತಮಂಗಲದ್ ಕೆರೆ ನೀರು ಯಾವಾಗ್ ಬತ್ತದೋ ಅಂತ ಕೊಡ ಇಟ್ಕೊಂಡ್ ಕಾಯ್ತಿದ್ವಲ್ಲಮ್ಮಾ, ಆವಾಗ ಕಲ್ತಿದ್ದು" ಎಂದರು ಅಜ್ಜಿ. ಟ್ಯಾಂಕರಿಗೆ ಹೇಳಿಟ್ಟಿದ್ದ ರತ್ನಮ್ಮ ಬೇಡವೆಂದು ಫೋನು ಮಾಡಿದಳು.

ಮೊದಲನೇ ಪಂಕ್ತಿ ಕೂತಿತು. ಬೀಗರು ಒಂದು ಕಡೆ, ಅದೇ ಸಾಲಿನಲ್ಲಿ ಈ ನಾಲ್ವರು. ಅಳಿಯನ ಅಜ್ಜಿ ವೆಂಕಟಮ್ಮನವರು ಗಡಿಯಾಚೆಯ ಕುಪ್ಪಂ ಕಡೆಯವರು, ತೆಲುಗು ಮನೆಮಾತು, ಮನೆಯಲ್ಲಿ ಅವರ ಮಾತೇ ಕೊನೆ. ಅವರ ಪಕ್ಕದ ಎಲೆಗೆ ಅಂಜಲಮ್ಮನೇ ಬಂದು ಕೂತಿದ್ದರು. ವೆಂಕಟಮ್ಮನವರು ಬಾಟಲಿಗಾಗಿ ಅತ್ತಿತ್ತ ನೋಡಿದರು. ಲೋಟ ಕಂಡಿತು. ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನನ್ನು ಕೇಳಿದರು.

"ಎವರಿವಯ್ಯಾ ಇವಿ? ಯಾರ ಮನೇ ಲೋಟ?"

ಆ ಪ್ರಶ್ನೆಯ ಅರ್ಥ ನನಗೂ ಗೊತ್ತು, ಪಂಕ್ತಿಯಲ್ಲಿದ್ದ ಎಲ್ಲರಿಗೂ ಗೊತ್ತು. ಪೇಪರ್ ಕಪ್ಪು ಬಂದ ಮೇಲೆ ನಮ್ಮಲ್ಲಿ ಈ ಪ್ರಶ್ನೆ ನಿಂತುಹೋಗಿತ್ತು. ಯಾರು ಯಾರ ಲೋಟದಲ್ಲಿ ಕುಡಿದರು ಎಂಬ ತಂಟೆಯೇ ಇಲ್ಲ. ಕಪ್ಪನ್ನು ನಾವು ಅಷ್ಟು ಬೇಗ ಮನೆಯೊಳಗೆ ಬಿಟ್ಟುಕೊಂಡಿದ್ದಕ್ಕೆ ನೀರಿನ ಜೊತೆ ಇದೂ ಒಂದು ಕಾರಣ ಇರಬಹುದೆಂದು ಅಲ್ಲಿ ಸಾರಿನ ಬಕೆಟ್ಟು ಹಿಡಿದು ನಿಂತಾಗ ನನಗೆ ಹೊಳೆಯಿತು. "ಅಂಗಡಿಯಿಂದ ಬಾಡಿಗೆಗೆ ತಂದಿದ್ದು" ಎಂದು ಹೇಳಿಬಿಡುವುದು ಬಹಳ ಸುಲಭವಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆಚೆ ಬಳೆ ತೊಟ್ಟು ಕೂತಿದ್ದ ಸುಮ ನನ್ನನ್ನೇ ನೋಡುತ್ತಿದ್ದಳು. ಅವಳ ಕೈಯಲ್ಲೂ ಅದೇ ಲೋಟ.

"ನಂದಿದುರ್ಗದ್ ಲೈನಿನವು ಅಮ್ಮಾ. ನಿಮ್ ಪಕ್ಕದಲ್ಲಿ ಕೂತವ್ರಲ್ಲ, ಅವ್ರ ಮನೇವು" ಎಂದೆ.

ರತ್ನಮ್ಮ ಹಪ್ಪಳದ ಬುಟ್ಟಿ ಹಿಡಿದು ಹಾಗೇ ನಿಂತಳು. ಆ ಹೊತ್ತಿನಲ್ಲಿ ನನ್ನ ಅಳಿಯ, ನನ್ನ ಪುಣ್ಯಕ್ಕೆ, ತನ್ನ ಲೋಟವನ್ನು ತಿರುಗಿಸಿ ಗಟ್ಟಿಯಾಗಿ ಓದಿದ. "ತೊಗರಿಬೇಳೆ ಅರ್ಧ ಕೆಜಿ... ಸೀಮೆಎಣ್ಣೆ ಎರಡು ಲೀಟರ್... ಮಾವಾ, ಏನಿದು?"

ಸಾಲಿನವರೆಲ್ಲ ತಮ್ಮ ತಮ್ಮ ಲೋಟ ತಿರುಗಿಸಿದರು. ಎಲ್ಲರದೂ ಅದೇ. ಬೇರೆ ದಾರಿ ಇಲ್ಲದೆ ನಿಂತಲ್ಲೇ ನನ್ನ ಕಥೆಯನ್ನು ಹೇಳಿದೆ, ಹಂಡೆಯ ಹಿಂದೆ ಬಚ್ಚಿಟ್ಟುಕೊಂಡದ್ದನ್ನೂ ಸೇರಿಸಿ. ಮೊದಲು ನಕ್ಕವಳು ಸುಮ. ಆಮೇಲೆ ಪಂಕ್ತಿಯೇ ನಕ್ಕಿತು. ವೆಂಕಟಮ್ಮನವರು ಲೋಟದೊಳಗೆ ಇಣುಕಿ ನೋಡಿ, "ಅಯ್ಯಯ್ಯೋ, ಬೀಗ್ರು ನಂಗೆ ಸೀಮೆಎಣ್ಣೆ ಕುಡ್ಸಕ್ ಕರ್ಸವ್ರೆ" ಎಂದರು.

ಅಂಜಲಮ್ಮ ತೆಲುಗಿನಲ್ಲೇ ಹೇಳಿದರು. "ತಾಗಮ್ಮಾ ತಾಗು. ಮಂಟ ರಾದುಲೇ." ಕುಡಿಯಮ್ಮ, ಬೆಂಕಿ ಹತ್ತಿಕೊಳ್ಳಲ್ಲ.

ವೆಂಕಟಮ್ಮನವರು ಲೋಟವನ್ನು ಮೇಲಕ್ಕೆ ಎತ್ತಿ, ತುಟಿಗೆ ತಾಗಿಸದೆ, ಗಟಗಟನೆ ನೀರು ಸುರಿದುಕೊಂಡರು. ನಾನು ಅಷ್ಟಕ್ಕೇ ದೇವರಿಗೆ ಕೈಮುಗಿದೆ. ಅಂಜಲಮ್ಮ ನೋಡಿಯೂ ನೋಡದವರ ಹಾಗೆ ಪಲ್ಯ ಕಲಸಿಕೊಂಡರು.

ಆದರೆ ಅಂದು ಮಾಡಿಸಿ ಲೋಟಕ್ಕೆ ಹಾಕಿ ಕೊಟ್ಟಿದ್ದು ಶಾವಿಗೆ ಪಾಯಸ. ಶಾವಿಗೆ ಪಾಯಸವನ್ನು ಎತ್ತಿ ಕುಡಿಯಲಾಗುವುದಿಲ್ಲ. ವೆಂಕಟಮ್ಮನವರು ಒಂದು ಸಲ ಪ್ರಯತ್ನಪಟ್ಟರು, ಶಾವಿಗೆ ಗದ್ದದ ಮೇಲೆ ಇಳಿಯಿತು. ಅಂಜಲಮ್ಮ ತಮ್ಮ ಸೆರಗಿನ ತುದಿಯನ್ನು ಅವರ ಕಡೆ ಚಾಚಿದರು. ವೆಂಕಟಮ್ಮನವರು ಅದನ್ನೇ ತೆಗೆದುಕೊಂಡು ಗದ್ದ ಒರೆಸಿಕೊಂಡರು. ಆಮೇಲೆ ಲೋಟವನ್ನು ತುಟಿಗಿಟ್ಟು ಕುಡಿದರು. ಇನ್ನೊಂದು ಲೋಟ ಹಾಕಿಸಿಕೊಂಡು ಅದನ್ನೂ ಕುಡಿದರು. ಏನೂ ಆಗಲಿಲ್ಲ ಎಂಬಂತೆ, "ಏಲಕ್ಕಿ ಜಾಸ್ತಿ ಆಯ್ತು" ಎಂದು ಅಂಜಲಮ್ಮನಿಗೆ ಹೇಳಿದರು. "ಔನಮ್ಮಾ, ನಾನೂ ಅದೇ ಅಂದ್ಕೊಂಡೆ" ಎಂದರು ಅಂಜಲಮ್ಮ. ಇಬ್ಬರೂ ಸೇರಿ ನಮ್ಮ ಪಾಯಸವನ್ನು ಬೈಯುತ್ತಾ ಕೂತದ್ದನ್ನು ನೋಡಿ ನನಗೆ ಹೊಟ್ಟೆ ತುಂಬಿತು.

ಲೋಕವೇನೂ ಬದಲಾಗಲಿಲ್ಲ. ಓಣಿಯ ಇನ್ನೊಂದು ತುದಿಯಲ್ಲಿ ಮುಂದಿನ ವಾರವೇ ಒಂದು ಹುಟ್ಟುಹಬ್ಬಕ್ಕೆ ಕಪ್ಪು ಬಂದವು. ಅವರು ಸುಟ್ಟ ದಿನ ಸುಮಳನ್ನು ನನ್ನ ತಂಗಿಯ ಮನೆಗೆ ಕಳಿಸಿದೆ. ಆದರೆ ಅದೇ ಓಣಿಯ ಇಬ್ಬರು ಬಂದು, "ಆ ಲೋಟದೋರ ನಂಬರ್ ಕೊಡ್ರಿ" ಎಂದು ಕೇಳಿಕೊಂಡು ಹೋಗಿದ್ದಾರೆ. ರತ್ನಮ್ಮ ತಾನೂ ಒಂದು ಐವತ್ತು ಲೋಟ ಕೂಡಿಸಬೇಕು ಎನ್ನುತ್ತಿದ್ದಾಳೆ. ಹೆಸರು ಮಾತ್ರ ಬೇರೆಯವರಿಂದ ಕೊರೆಸುತ್ತಾಳಂತೆ.

ಸೀಮಂತದ ಮಾರನೇ ಬೆಳಗ್ಗೆ ಕಸದ ಗಾಡಿ ಬಂತು. ಮನೆಯಲ್ಲಿ ಶಾಮಿಯಾನ ಹಾಕಿದ್ದರೆ ಗಾಡಿಯವನು ತಾನೇ ಇಳಿದು ಬರುತ್ತಾನೆ, ಮೂಟೆಗಟ್ಟಲೆ ಇರುತ್ತದೆ ಎಂದು. ಬಾಳೆಎಲೆಗಳು ಆಗಲೇ ಎದುರು ಮನೆಯವರ ಹಸುಗಳ ಹೊಟ್ಟೆಯಲ್ಲಿದ್ದವು. ಅವನು ಗೇಟಿನ ಹತ್ತಿರ ನೋಡಿದ, ಗೋಡೆಯ ಹಿಂದೆ ನೋಡಿದ, ಬಗ್ಗಿ ಶಾಮಿಯಾನದ ಕೆಳಗೆ ನೋಡಿದ. ಒಂದು ಸಣ್ಣ ಬುಟ್ಟಿಯಲ್ಲಿ ಬಾಡಿದ ಹೂವು, ಒಡೆದ ಬಳೆ ಚೂರು ಅಷ್ಟೇ ಇತ್ತು. ಅವನ ಮುಖ ಸಣ್ಣಗಾಯಿತು. ನನ್ನ ಹತ್ತಿರ ಬಂದು ದನಿ ತಗ್ಗಿಸಿ, ಸಾವಿನ ಮನೆಯಲ್ಲಿ ಕೇಳುವ ಹಾಗೆ ಕೇಳಿದ.

"ಏನಣ್ಣಾ, ಫಂಕ್ಷನ್ ಕ್ಯಾನ್ಸಲ್ ಆಯ್ತಾ?"

ಮೆಟ್ಟಿಲ ಮೇಲೆ ಕೂತು ಬೆಳಗಿನ ಗಾಳಿಗೆ ಕೂದಲು ಒಣಗಿಸಿಕೊಳ್ಳುತ್ತಿದ್ದ ಸುಮ, ಉಸಿರು ಕಟ್ಟದೆ, ಒಂದೇ ದಮ್ಮಿಗೆ ಉತ್ತರ ಕೊಟ್ಟಳು. "ಇಲ್ಲ ಕಣಣ್ಣಾ, ಇನ್ನೂರ್ ಜನ ಬಂದು ಪಾಯಸದಲ್ಲಿ ಏಲಕ್ಕಿ ಜಾಸ್ತಿ ಆಯ್ತು ಅಂತ ಬೈಕೊಂಡ್ ಉಂಡೋದ್ರು!"

ನಿಮ್ಮ ಕಡೆಯೂ ಇಂಥ ಲೋಟಗಳು, ಇಂಥ ಅಂಜಲಮ್ಮಂದಿರು ಇದ್ದೇ ಇರುತ್ತಾರೆ. ನಿಮ್ಮ ಒಂದು ತಪ್ಪನ್ನು ಬಿಸಾಕದೆ ತೊಳೆದು ಇಟ್ಟುಕೊಂಡವರು ಯಾರಾದರೂ ಇದ್ದರೆ ಅವರ ವಿಷಯ ನನಗೆ ಬರೆದು ತಿಳಿಸಿ. ಎಷ್ಟು ಉದ್ದವಾದರೂ ಪರವಾಗಿಲ್ಲ. ನಾನು ಓದುವುದು ನಿಧಾನ, ಆದರೆ ಈಗ ಎರಡೂ ಕಡೆ ತಿರುಗಿಸಿ ಓದುತ್ತೇನೆ.